ಗೇಟಿನ ಪಕ್ಕದ ಸೈಕಸ್‌ಗೂ ಊಟಿಯ ಪೈನ್‌ಗೂ ಏನು ನಂಟು?

ಪ್ರಶ್ನೆ: ನಮ್ಮ ಮನೆ ಗೇಟಿನ ಪಕ್ಕ ಸುಮಾರು 15 ವರ್ಷದ ಸೈಕಸ್ ಗಿಡ ಇದೆ. ಈ ಬೇಸಿಗೆಯಲ್ಲಿ ಅದರ ನೆತ್ತಿಯ ಮೇಲೆ ದೊಡ್ಡ ಮುಸುಕಿನ ಜೋಳದ ಹಾಗೆ, ಒಂದೂವರೆ ಅಡಿ ಎತ್ತರದ್ದು ಏನೋ ಎದ್ದು ನಿಂತಿದೆ. ನರ್ಸರಿಯವರು ಹೂವು ಅಂದರು. ಪಿಯುಸಿ ಓದುವ ಮಗಳು ಇದು ಹೂವಲ್ಲ, ಕೋನ್, ಸೈಕಸ್ಸೂ ಪೈನೂ ಒಂದೇ ಗುಂಪು ಅಂತಾಳೆ. ಊಟಿಯಲ್ಲಿ ನೋಡಿದ ಪೈನ್ ಮರಕ್ಕೂ ಈಚಲಿನಂಥ ಈ ಗಿಡಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ? ಇದು ಬೀಜ ಬಿಡುತ್ತಾ? ಸೈಕಸ್ ಹಿಂದುಳಿದ ಸಸ್ಯ, ಪೈನ್ ಮುಂದುವರಿದದ್ದು ಅಂತ ಅವಳ ನೋಟ್ಸ್‌ನಲ್ಲಿದೆ, ನಿಜವಾ? ಮನೆಯಲ್ಲಿ ನಾಯಿ ಇದೆ, ಅದು ಸಿಕ್ಕಿದ್ದನ್ನೆಲ್ಲ ಕಡಿಯುತ್ತೆ. ತೊಂದರೆ ಇಲ್ಲ ತಾನೆ?

ಉತ್ತರ: ನಾಯಿಯ ವಿಷಯ ಮೊದಲು. ತೊಂದರೆ ಇದೆ. ಸೈಕಸ್‌ನ ಎಲ್ಲ ಭಾಗವೂ ವಿಷ, ಬೀಜವಂತೂ ಜಾಸ್ತಿ ವಿಷ. ಅದರಲ್ಲಿರುವ ಸೈಕಾಸಿನ್ ಎಂಬ ವಸ್ತು ನಾಯಿಯ ಲಿವರನ್ನು ಹಾಳು ಮಾಡುತ್ತದೆ, ಒಂದೆರಡು ಬೀಜ ತಿಂದು ಸತ್ತ ನಾಯಿಗಳೂ ಇವೆ. ಗಿಡದ ಸುತ್ತ ಒಂದು ಬೇಲಿ ಹಾಕಿಬಿಡಿ. ಕಡಿದಿದೆ ಅಂತ ಅನುಮಾನ ಬಂದರೆ ವಾಂತಿಗೆ ಕಾಯುತ್ತಾ ಕೂರದೆ ನೇರ ಪಶುವೈದ್ಯರ ಹತ್ತಿರ ಹೋಗಿ.

ಇನ್ನು ಕೋನ್. ಮಗಳು ಹೇಳಿದ್ದು ಸರಿ, ಅದು ಪರಾಗ ಹೊರುವ ಸಿಪ್ಪೆಗಳು ಗೊಂಚಲಾಗಿ ಸೇರಿದ ಕೋನ್. ನರ್ಸರಿಯವರನ್ನೂ ಬೈಯಬೇಡಿ, ಅವರ ಪಾಲಿಗೆ ಗಿಡದ ತುದಿಯಲ್ಲಿ ಮೂಡಿದ್ದೆಲ್ಲ ಹೂವೇ. ನೀವು ಹೇಳಿದ ಆಕಾರ ನೋಡಿದರೆ ನಿಮ್ಮದು ಗಂಡು ಗಿಡ. ಸೈಕಸ್‌ನಲ್ಲಿ ಗಂಡು ಬೇರೆ ಗಿಡ, ಹೆಣ್ಣು ಬೇರೆ ಗಿಡ. ಹಾಗಾಗಿ ನಿಮ್ಮ ಗಿಡ ಬೀಜ ಬಿಡುವುದಿಲ್ಲ. ಕೋನ್ ಬರುವ ತನಕ ಯಾವುದು ಗಂಡು, ಯಾವುದು ಹೆಣ್ಣು ಅಂತ ನೋಡಿ ಹೇಳಲು ಬರುವುದಿಲ್ಲ. 15 ವರ್ಷ ನೀರು ಹಾಕಿದ ಮೇಲೆ ನಿಮಗೆ ಈಗ ಗೊತ್ತಾಯಿತು, ಅಷ್ಟೇ.

ಸಂಬಂಧದ ವಿಷಯಕ್ಕೆ ಬರುವ ಮುಂಚೆ ಸ್ವಲ್ಪ ಗೊಂದಲ ತೆಗೆಯಬೇಕು, ಯಾಕೆಂದರೆ ಈ ಎರಡು ಹೆಸರನ್ನೂ ನಾವು ಸಿಕ್ಕ ಸಿಕ್ಕ ಮರಕ್ಕೆ ಅಂಟಿಸುತ್ತೇವೆ. ನರ್ಸರಿಯಲ್ಲಿ ಸೈಕಸ್‌ಗೆ 'ಸಾಗೋ ಪಾಮ್' ಅಂತ ಬೋರ್ಡ್ ಇರುತ್ತದೆ. ಅದು ಪಾಮ್ ಅಲ್ಲ. ತೆಂಗು, ಅಡಿಕೆ, ಈಚಲು ಇವೆಲ್ಲ ಹೂ ಬಿಡುವ ಸಸ್ಯಗಳು, ಸೈಕಸ್‌ಗೆ ಅವು ಯಾವ ಲೆಕ್ಕದಲ್ಲೂ ನೆಂಟರಲ್ಲ. ನೋಡೋಕೆ ಮಾತ್ರ ಒಂದೇ ಥರ. ಸಾಗೋ ಅಂತ ಅಂಗಡಿಯಲ್ಲಿ ಸಿಗುವ ಸಬ್ಬಕ್ಕಿಯೂ ಇದರದ್ದಲ್ಲ, ಅದು ಸೇಲಂ ಕಡೆಯ ಮರಗೆಣಸಿನ ಹಿಟ್ಟಿನಿಂದ ಮಾಡಿದ್ದು. ಇತ್ತ ಪೈನ್ ಹೆಸರಿನಲ್ಲಿ ನಾವು ತೋರಿಸುವ ಗಾಳಿಮರವೂ ಪೈನ್ ಅಲ್ಲ, ಅದೂ ಹೂ ಬಿಡುವ ಸಸ್ಯವೇ. ಲಾಲ್‌ಬಾಗ್‌ನಲ್ಲಿ ಕ್ರಿಸ್‌ಮಸ್ ಟ್ರೀ ಅಂತ ಮಕ್ಕಳಿಗೆ ತೋರಿಸುವ ನೆಟ್ಟನೆಯ ಮರ ಅರೌಕೇರಿಯಾ. ಅದು ಪೈನ್‌ನ ದೂರದ ದಾಯಾದಿ, ಪೈನ್ ಅಲ್ಲ. ಊಟಿ, ಕೊಡೈಕೆನಾಲ್‌ನ ಪೈನ್ ಕಾಡುಗಳಲ್ಲಿ ಇರುವುದು ನಿಜವಾದ ಪೈನೇ, ಆದರೆ ಅವೆಲ್ಲ ಮನುಷ್ಯರು ನೆಟ್ಟವು. ದಕ್ಷಿಣ ಭಾರತದಲ್ಲಿ ಪೈನ್ ತಾನಾಗಿ ಹುಟ್ಟಿ ಬೆಳೆದದ್ದಿಲ್ಲ. ನಮ್ಮ ದೇಶದಲ್ಲಿ ಅದರ ಊರು ಹಿಮಾಲಯ ಮತ್ತು ಖಾಸಿ ಬೆಟ್ಟದ ಕಡೆ. ಸೈಕಸ್ ಹಾಗಲ್ಲ. ನಿಮ್ಮ ಗೇಟಿನ ಪಕ್ಕದ್ದು ಬಹುಶಃ ಜಪಾನಿನ ದಕ್ಷಿಣದ ದ್ವೀಪಗಳಿಂದ ಬಂದ ಸೈಕಸ್ ರೆವಲ್ಯೂಟಾ, ಆದರೆ ಪಶ್ಚಿಮ ಘಟ್ಟದಲ್ಲಿ ನಮ್ಮದೇ ಆದ ಸೈಕಸ್ ಸರ್ಸಿನಾಲಿಸ್ ಇದೆ. ತಿರುಪತಿಯ ಶೇಷಾಚಲದ ಕಡೆ ಸೈಕಸ್ ಬೆಡೋಮಿ ಇದೆ. ನಮ್ಮ ಬಿ.ಜಿ.ಎಲ್. ಸ್ವಾಮಿಯವರು 1948ರಲ್ಲೇ ಮೈಸೂರು ಸೀಮೆಯ ಒಂದು ಸೈಕಸ್‌ನ ಜೀವನಚರಿತ್ರೆಯನ್ನು ಅಮೆರಿಕದ ಸಸ್ಯವಿಜ್ಞಾನ ಪತ್ರಿಕೆಯೊಂದರಲ್ಲಿ ಬರೆದಿದ್ದರು. 2008ರಲ್ಲಿ ಕರ್ನಾಟಕದಿಂದ ಹೊಸದಾಗಿ ಗುರುತಿಸಿದ ಪ್ರಭೇದ ಅವರ ಹೆಸರನ್ನೇ ಹೊತ್ತಿದೆ.

ಈಗ ನಂಟಿನ ಮಾತು. ಮಾವಿನ ಓಟೆ ಹಣ್ಣಿನ ಒಳಗಿರುತ್ತದೆ. ಅವರೆ ಬೀಜ ಸಿಪ್ಪೆಯ ಒಳಗಿರುತ್ತದೆ. ಪೈನ್ ಮತ್ತು ಸೈಕಸ್‌ನಲ್ಲಿ ಹಾಗೆ ಮುಚ್ಚುವ ಹಣ್ಣೇ ಇಲ್ಲ. ಪೈನ್ ಕಾಯಿಯ ಒಂದು ಸಿಪ್ಪೆ ಎತ್ತಿದರೆ ಬೀಜ ಅದರ ಮೇಲೆ ಬರಿದೇ ಮಲಗಿರುತ್ತದೆ. ಹೆಣ್ಣು ಸೈಕಸ್‌ನಲ್ಲಿ ಎಲೆಯಂಥ ಒಂದು ಅಂಗದ ಅಂಚಿನಲ್ಲಿ ಬೀಜ ನೇತಾಡುತ್ತದೆ. ಬೀಜ ಬೆತ್ತಲೆ, ಅದಕ್ಕೇ ಎರಡನ್ನೂ ನಗ್ನಬೀಜ ಸಸ್ಯ ಅಂತ ಒಂದೇ ಗೂಡಿಗೆ ಹಾಕಿದ್ದಾರೆ. ಪಿಯುಸಿ ಮಕ್ಕಳ ಬಾಯಲ್ಲಿ ಜಿಮ್ನೋಸ್ಪರ್ಮ್. ಆದರೆ ಒಂದೇ ಗೂಡು ಅಂದ ಮಾತ್ರಕ್ಕೆ ಅಣ್ಣತಮ್ಮಂದಿರು ಅಂದುಕೊಳ್ಳಬೇಡಿ. ಸೈಕಸ್ ವಂಶದ ಪಳೆಯುಳಿಕೆಗಳು ಸುಮಾರು 28 ಕೋಟಿ ವರ್ಷದಷ್ಟು ಹಳೆಯವು. ಈ ಎರಡು ದಾರಿಗಳು ಕವಲೊಡೆದದ್ದು ಅದಕ್ಕಿಂತಲೂ ಹಿಂದೆ. ಬೇರೆಯಾಗಿ ಅಷ್ಟು ಕಾಲ ಆದಮೇಲೆ ಎರಡೂ ತಮ್ಮ ತಮ್ಮ ಸಂಸಾರ ತಮಗೆ ಬೇಕಾದ ಹಾಗೆ ಕಟ್ಟಿಕೊಂಡಿವೆ. ನನ್ನನ್ನು ಕೇಳಿದರೆ, ಹೋಲಿಕೆಗಿಂತ ಈ ಕಟ್ಟಿಕೊಂಡ ರೀತಿಯೇ ಸ್ವಾರಸ್ಯ.

ಕಾಂಡ ನೋಡಿ. ಪೈನ್ ಹಲಗೆ ಪ್ಯಾಕಿಂಗ್ ಪೆಟ್ಟಿಗೆಗಳಲ್ಲಿ ಎಲ್ಲರೂ ನೋಡಿರುತ್ತೀರಿ. ಗಟ್ಟಿ ಮರ, ವರ್ಷಕ್ಕೊಂದು ಉಂಗುರ, ನಡುವೆ ಪೆನ್ಸಿಲ್ ಸೀಸದಷ್ಟು ತಿರುಳು. ಮರದ ಬಹುಪಾಲು ನೀರು ಸಾಗಿಸುವ ಸಣ್ಣ ಸಣ್ಣ ಕೊಳವೆಗಳೇ, ಟ್ರಕೀಡ್ ಅಂತಾರೆ. ಸೈಕಸ್ ಕಾಂಡ ಪೂರಾ ಉಲ್ಟಾ. ಒಂದು ಸಲ ಗಾಳಿಗೆ ಉರುಳಿದ ಹಳೇ ಸೈಕಸ್ಸನ್ನು ಅಡ್ಡ ಕೊಯ್ದು ನೋಡಿದ್ದೆ. ಗರಗಸ ಬೇಕಾಗಲಿಲ್ಲ, ತೆಂಗಿನಕಾಯಿ ಸುಲಿಯುವ ಕತ್ತಿಯೇ ಸಾಕಾಯಿತು. ಒಳಗೆ ಸುವರ್ಣಗೆಡ್ಡೆ ಕೊಯ್ದ ಹಾಗೆ ಬಿಳಿ ಬಿಳಿ, ಕೈಗೆಲ್ಲ ಲೋಳೆ. ಮಧ್ಯೆ ಮುಷ್ಟಿ ಗಾತ್ರದ ತಿರುಳು, ಹೊರಗೆ ದಪ್ಪ ತೊಗಟೆ, ಎರಡರ ನಡುವೆ ರಟ್ಟಿನಷ್ಟು ತೆಳ್ಳಗಿನ ಕಟ್ಟಿಗೆಯ ಬಳೆ, ಒಂದರ ಹೊರಗೆ ಇನ್ನೊಂದು. ಆ ಬಳೆ ಎಣಿಸಿ ವಯಸ್ಸು ಹೇಳೋಕೆ ಆಗಲ್ಲ. ಇಷ್ಟು ಮೆತ್ತಗಿನ ಕಾಂಡ ನಿಲ್ಲುವುದು ಹೇಗೆ ಅಂದರೆ, ಉದುರಿದ ಎಲೆಗಳ ಬುಡ ಅಲ್ಲೇ ಉಳಿದು ಗಟ್ಟಿಯಾಗಿ ಸುತ್ತಲೂ ಕವಚ ಕಟ್ಟಿರುತ್ತದೆ. ಪೈನ್ ತನ್ನ ದುಡಿಮೆಯನ್ನೆಲ್ಲ ಎತ್ತರಕ್ಕೆ ಹಾಕುತ್ತದೆ, ಹಿಮಾಲಯದ ಚೀರ್ ಪೈನ್ 30 ಮೀಟರ್ ದಾಟುವುದು ಮಾಮೂಲು. ಸೈಕಸ್ ಮಾತ್ರ ಗಳಿಸಿದ್ದನ್ನು ಪಿಷ್ಟ ಮಾಡಿ ಒಳಗೇ ಬಚ್ಚಿಡುತ್ತದೆ. ವರ್ಷಕ್ಕೆ ಒಂದೆರಡು ಇಂಚು ಬೆಳೆದರೆ ಅದೇ ದೊಡ್ಡದು.

ಪೈನ್ ಕಾಂಡದಲ್ಲಿ ರಾಳದ ನಾಳಗಳಿರುತ್ತವೆ, ಸೈಕಸ್‌ನಲ್ಲಿ ಲೋಳೆಯ ನಾಳಗಳು. ಪೈನ್‌ಗೆ ಗಾಯ ಮಾಡಿದರೆ ರಾಳ ಸೋರಿ ಗಾಯವನ್ನು ಮುಚ್ಚುತ್ತದೆ, ಕೊರೆಯಲು ಬಂದ ಹುಳವನ್ನೂ ಸೇರಿಸಿ. ಉತ್ತರಾಖಂಡದಲ್ಲಿ ಇದನ್ನೇ ಲೀಸಾ ಅಂತ ಇಳಿಸಿ ಟರ್ಪೆಂಟೈನ್ ತೆಗೆಯುತ್ತಾರೆ. ಉಳಿದ ಗಟ್ಟಿ ಭಾಗವೇ ಪಿಟೀಲಿನ ಬಿಲ್ಲಿಗೆ ಉಜ್ಜುವ ರೋಸಿನ್.

ಎಲೆ. ಪೈನ್‌ನ ಸೂಜಿಗಳು ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ. ಬಣ್ಣದ ಕಾಗದದ ಕಟ್ಟು ಸುತ್ತಿದ ಹಾಗೆ ಬುಡದಲ್ಲಿ ಒಂದು ಪುಟ್ಟ ಕವಚ, ಅದರಿಂದ ಚೀರ್‌ಗೆ ಮೂರು, ಕಾಶ್ಮೀರದ ಕಡೆಯ ನೀಲಿ ಪೈನ್‌ಗೆ ಐದು, ಯುರೋಪಿನ ಸ್ಕಾಟ್ಸ್ ಪೈನ್‌ಗೆ ಎರಡು. ಮುಂದಿನ ಸಲ ಹೋದಾಗ ಒಂದು ಕಟ್ಟು ಕಿತ್ತು ಸೂಜಿಗಳನ್ನು ಒಟ್ಟಿಗೆ ಸೇರಿಸಿ ಹಿಡಿಯಿರಿ, ಮೂರೂ ಸೇರಿ ಪೂರ್ತಿ ದುಂಡನೆಯ ಒಂದು ಕಡ್ಡಿ ಆಗುತ್ತದೆ. ಒಂದು ಕಡ್ಡಿಯನ್ನೇ ಉದ್ದಕ್ಕೆ ಮೂರು ಪಾಲು ಮಾಡಿದ ಹಾಗೆ. ಸೈಕಸ್‌ನದ್ದು ಮಾರುದ್ದದ ಗರಿ, ಎರಡೂ ಪಕ್ಕ ಚೂಪು ಎಲೆಗಳು. ವರ್ಷಕ್ಕೊಮ್ಮೆ ಇಡೀ ಸುತ್ತು ಒಟ್ಟಿಗೆ ಚಿಗುರುವುದು ನೀವೂ ನೋಡಿರುತ್ತೀರಿ. ಚಿಗುರಿನಲ್ಲಿ ಆ ಪುಟ್ಟ ಎಲೆಗಳು ಜರಿಗಿಡದ ಚಿಗುರಿನ ಹಾಗೆ ಗಡಿಯಾರದ ಸ್ಪ್ರಿಂಗ್ ಥರ ಸುತ್ತಿಕೊಂಡಿರುತ್ತವೆ. ಜರಿಗಿಡದ ಆ ಹಳೇ ಚಾಳಿ ಇನ್ನೂ ಬಿಟ್ಟಿಲ್ಲ ಅಂತ ನಾವು ಪಾಠದಲ್ಲಿ ಹೇಳುತ್ತೇವೆ. ಇಷ್ಟು ಬೇರೆ ಬೇರೆ ಕಂಡರೂ ಈ ಎರಡು ಎಲೆಗಳನ್ನು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪ್ ಕೆಳಗಿಟ್ಟರೆ ಎಷ್ಟೋ ಒಂದೇ: ಮೇಲೆ ದಪ್ಪ ಮೇಣದ ಹೊದಿಕೆ, ಗುಂಡಿಯೊಳಗೆ ಅಡಗಿ ಕೂತ ಉಸಿರಾಟದ ರಂಧ್ರಗಳು. ಕವಲು ನರಗಳೂ ಇಲ್ಲ. ನಡುವಿನ ನರದಿಂದ ಅಂಚಿಗೆ ನೀರು ದಾಟಿಸಲು ಎರಡರಲ್ಲೂ ಬೇರೆಯೇ ಒಂದು ಅಂಗಾಂಶ ಇದೆ. ಪೈನ್ ಇದನ್ನು ಚಳಿಗಾಗಿ ಇಟ್ಟುಕೊಂಡಿದೆ, ಯಾಕೆಂದರೆ ನೆಲ ಹೆಪ್ಪುಗಟ್ಟಿದಾಗ ನೀರಿದ್ದೂ ಇಲ್ಲದ ಹಾಗೆ. ಸೈಕಸ್‌ಗೆ ಬೇಕಾದದ್ದು ಬೇಸಿಗೆಗೆ. ಮನೆ ಒಂದೇ ನಕ್ಷೆಯದ್ದು, ಕಾರಣ ಬೇರೆ.

ಬೇರಿನ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲಾರೆ. ಸೈಕಸ್ ಬುಡದ ಮಣ್ಣನ್ನು ಮೇಲಿನಿಂದ ಒಂದೆರಡು ಇಂಚು ಮೆಲ್ಲಗೆ ಕೆದಕಿ. ಹವಳದ ಹಾಗೆ, ಅಥವಾ ಹಸಿ ಶುಂಠಿಯ ಪುಟ್ಟ ಮರಿಗಳ ಹಾಗೆ, ಗಂಟುಗಂಟಾದ ಬೇರಿನ ಗೊಂಚಲು ಸಿಗುತ್ತದೆ. ವಿಚಿತ್ರ ಅಂದರೆ ಅವು ಕೆಳಗೆ ಇಳಿಯುವ ಬದಲು ಮೇಲಕ್ಕೆ ಬೆಳೆಯುತ್ತವೆ, ಬೆಳಕಿನ ಕಡೆಗೆ. ಒಂದು ತುಂಡು ಮುರಿದು ಬ್ಲೇಡಿನಲ್ಲಿ ಅಡ್ಡ ಕೊಯ್ದರೆ ಬಿಳಿ ಬೇರಿನ ನಡುವೆ ಬಳೆಯ ಹಾಗೆ ಕಡು ನೀಲಿ ಹಸಿರು ಗೆರೆ. ಆ ಗೆರೆ ಗಿಡದ್ದಲ್ಲ. ಅಲ್ಲಿ ನಾಸ್ಟಾಕ್ ಎಂಬ ಸಯನೋಬ್ಯಾಕ್ಟೀರಿಯಾ ಬಾಡಿಗೆಗೆ ಇದೆ, ಗಾಳಿಯ ಸಾರಜನಕವನ್ನು ಗೊಬ್ಬರ ಮಾಡಿ ಕೊಡುವುದೇ ಅದರ ಬಾಡಿಗೆ. ಎಷ್ಟೋ ಜನ ಇದನ್ನು ರೋಗ ಅಂದುಕೊಂಡು ಕತ್ತರಿಸಿ ಎಸೆಯುತ್ತಾರೆ. ಎಸೆಯಬೇಡಿ. ಪೈನ್‌ನ ಜೊತೆಗಾರ ಬೇರೆ: ಅಣಬೆ. ಬೇರಿನ ತುದಿಗೆ ಸಾಕ್ಸ್ ಹಾಕಿದ ಹಾಗೆ ಶಿಲೀಂಧ್ರ ಸುತ್ತಿಕೊಂಡು ರಂಜಕ, ನೀರು ತಂದುಕೊಡುತ್ತದೆ. ಪೈನ್ ಇಲ್ಲದ ದೇಶಗಳಿಗೆ ಬೀಜ ಒಯ್ದು ಬಿತ್ತಿದಾಗ ಸಸಿಗಳು ಹಳದಿಯಾಗಿ ನಿಂತುಬಿಟ್ಟಿದ್ದವು. ಪೈನ್ ಕಾಡಿನ ಒಂದಿಷ್ಟು ಮಣ್ಣು ತಂದು ಹಾಕಿದ ಮೇಲೆ ಬೆಳೆದವು.

ಸರಿ, ಕೋನ್‌ಗೆ ಬರೋಣ. ನನಗೆ ಇಷ್ಟವಾದ ಭಾಗ ಇದೇ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಪೈನ್‌ನಲ್ಲಿ ಗಂಡು ಹೆಣ್ಣು ಎರಡೂ ಒಂದೇ ಮರದಲ್ಲಿ. ಗಂಡು ಕೋನ್‌ಗಳು ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡವು, ಹೊಸ ಚಿಗುರಿನ ಬುಡದಲ್ಲಿ ಗೊಂಚಲು ಗೊಂಚಲಾಗಿ ಬಂದು ಪುಡಿ ಉದುರಿಸಿ ಒಣಗಿ ಹೋಗುತ್ತವೆ, ಯಾರೂ ಗಮನಿಸುವುದಿಲ್ಲ. ನಾವು ಷೋಕೇಸಿನಲ್ಲಿ ಇಡುವ ಮರದಂಥ 'ಪೈನ್ ಕಾಯಿ' ಹೆಣ್ಣು ಕೋನ್. ಅದರ ಒಂದೊಂದು ಸಿಪ್ಪೆಯ ಮೇಲೂ ಎರಡೆರಡು ಬೀಜ. ಆ ಸಿಪ್ಪೆ ಒಂದು ಎಲೆಯಲ್ಲ, ಕುಗ್ಗಿ ಚಪ್ಪಟೆಯಾದ ಒಂದು ಪುಟ್ಟ ರೆಂಬೆ. ಅಂದರೆ ಹೆಣ್ಣು ಕೋನ್ ರೆಂಬೆಗಳ ಗೊಂಚಲು, ಗಂಡು ಕೋನ್ ಬರೀ ಎಲೆಗಳ ಗೊಂಚಲು. ಸೈಕಸ್ ಇಷ್ಟು ತಲೆ ಕೆಡಿಸಿಕೊಂಡಿಲ್ಲ, ಅಲ್ಲಿ ಎರಡೂ ಎಲೆಗಳೇ. ನಿಮ್ಮ ಗಿಡದ ಕೋನ್‌ನ ಒಂದು ಸಿಪ್ಪೆ ಕಿತ್ತು ತಿರುಗಿಸಿ ನೋಡಿ, ಕೆಳಮೈ ತುಂಬ ರಾಗಿ ಕಾಳು ಅಂಟಿಸಿದ ಹಾಗೆ ಪರಾಗದ ಚೀಲಗಳಿವೆ. ಅದು ರೂಪ ಬದಲಿಸಿದ ಒಂದು ಎಲೆ. ಹೆಣ್ಣು ಸೈಕಸ್‌ನಲ್ಲಿ ಇನ್ನೂ ಸ್ಪಷ್ಟ. ಅಲ್ಲಿ ಕೋನೇ ಕಟ್ಟುವುದಿಲ್ಲ. ನೆತ್ತಿಯಲ್ಲಿ ಕಂದು ಬಣ್ಣದ, ಮಖಮಲ್ಲಿನಂಥ ರೋಮ ಇರುವ ಎಲೆಗಳು ಎಲೆಕೋಸಿನ ಹಾಗೆ ಸುತ್ತಿಕೊಂಡು ಬರುತ್ತವೆ, ತುದಿ ಇನ್ನೂ ಗರಿಯ ಹಾಗೇ ಸೀಳಿರುತ್ತದೆ, ಅಂಚಿನಲ್ಲಿ ಮುಂದೆ ಬೀಜವಾಗುವ ಅಂಡಕಗಳು ಕೂತಿರುತ್ತವೆ. ಅದಾದ ಮೇಲೆ ಅದೇ ಕುಡಿಯಿಂದ ಮತ್ತೆ ಮಾಮೂಲು ಗರಿಗಳು ಹೊರಡುತ್ತವೆ. ಗಂಡಿನಲ್ಲಿ ಕುಡಿಯೇ ಕೋನ್ ಆಗಿ ಮುಗಿದುಹೋಗುತ್ತದೆ, ಪಕ್ಕದಿಂದ ಹೊಸ ಕುಡಿ ಹೊರಟು ಕೋನನ್ನು ಬದಿಗೆ ತಳ್ಳುತ್ತದೆ. ಹಾಗಾಗಿ ಮುಂದಿನ ಚಿಗುರು ಸ್ವಲ್ಪ ಓರೆಯಾಗಿ ಬಂದರೆ ಗಾಬರಿಯಾಗಬೇಡಿ. ಸೈಕಸ್ ಮತ್ತು ಅದರ ನೆಂಟರಿಗೆಲ್ಲ ಒಟ್ಟಾಗಿ ಸೈಕಡ್ ಅಂತ ಹೆಸರು. ಜಗತ್ತಿನ ಉಳಿದ ಸೈಕಡ್‌ಗಳಲ್ಲಿ, ಅಂದರೆ ಆಫ್ರಿಕಾ, ಅಮೆರಿಕ, ಆಸ್ಟ್ರೇಲಿಯಾದ ನೆಂಟರಲ್ಲಿ, ಹೆಣ್ಣಿಗೂ ಬಿಗಿಯಾದ ಕೋನ್ ಇರುತ್ತದೆ. ಸಡಿಲವಾದದ್ದು ಸೈಕಸ್‌ನಲ್ಲಿ ಮಾತ್ರ.

ಪರಾಗ ಸಾಗಿಸುವ ಕೆಲಸ ಪೈನ್ ಪೂರ್ತಿ ಗಾಳಿಗೆ ಬಿಟ್ಟಿದೆ. ಪರಾಗದ ಒಂದೊಂದು ಕಣಕ್ಕೂ ಎರಡು ಗಾಳಿ ಚೀಲ, ಮೈಕ್ರೋಸ್ಕೋಪಿನಲ್ಲಿ ಮಿಕ್ಕಿ ಮೌಸ್ ಕಿವಿ ಥರ ಕಾಣುತ್ತೆ ಅಂತ ಹುಡುಗರು ನಗುತ್ತಾರೆ. ಹಾರೋಕೆ ಮಾತ್ರ ಈ ಚೀಲ ಅಂದುಕೊಂಡಿದ್ದೆವು. ಇಳಿದ ಮೇಲೂ ಅದಕ್ಕೆ ಕೆಲಸ ಇದೆ. ಅಂಡಕದ ಬಾಯಿ ಕೆಳಮುಖ, ಅಲ್ಲಿ ಒಂದು ಹನಿ ದ್ರವ ಒಸರುತ್ತದೆ, ಪರಾಗ ಆ ಹನಿಗೆ ಸಿಕ್ಕರೆ ಚೀಲದಿಂದಾಗಿ ತೇಲಿ ಮೇಲಕ್ಕೆ, ಅಂದರೆ ಅಂಡಕದ ಒಳಕ್ಕೆ, ಏರುತ್ತದೆ. ಗಾಳಿಯನ್ನು ನಂಬಿದರೆ ಲೆಕ್ಕವಿಲ್ಲದಷ್ಟು ಪರಾಗ ಸುರಿಯಬೇಕು. ಆ ಕಾಲದಲ್ಲಿ ಪೈನ್ ಕಾಡಿನ ಕೆರೆ, ಕಾರು, ಮನೆ ಮಾಡು ಎಲ್ಲ ಅರಿಶಿನ ಚೆಲ್ಲಿದ ಹಾಗೆ ಇರುತ್ತದೆ.

ಸೈಕಡ್‌ಗಳೂ ಗಾಳಿಯನ್ನೇ ನಂಬಿವೆ ಅಂತ ನಾವು ಬಹಳ ಕಾಲ ಪಾಠ ಮಾಡಿದೆವು, ನಾನೂ ಮಾಡಿದ್ದೇನೆ. ತಪ್ಪು. ಗಂಡು ಹೆಣ್ಣು ಅಕ್ಕಪಕ್ಕ ಇದ್ದರೆ ಗಾಳಿಯೂ ಸ್ವಲ್ಪ ಕೆಲಸ ಮಾಡಬಹುದು, ಆದರೆ ಹೆಚ್ಚಿನ ಸೈಕಡ್‌ಗಳಲ್ಲಿ ಕೆಲಸ ನಡೆಸುವುದು ಕೀಟಗಳು, ಮುಖ್ಯವಾಗಿ ಮೂತಿ ಹುಳು ಜಾತಿಯ ದುಂಬಿಗಳು. ಆಸ್ಟ್ರೇಲಿಯಾದ ಮ್ಯಾಕ್ರೋಜೇಮಿಯಾ ಲೂಸಿಡಾ ಎಂಬ ಸೈಕಡ್‌ನದ್ದು ಕೇಳಿ. ಅದರ ಕೋನ್ ತನ್ನಷ್ಟಕ್ಕೆ ಬಿಸಿಯಾಗುತ್ತದೆ, ಸುತ್ತಲಿನ ಗಾಳಿಗಿಂತ 12 ಡಿಗ್ರಿ ತನಕ ಜಾಸ್ತಿ. ಹಗಲು ಗಂಡು ಕೋನ್ ಬಿಸಿಯೇರಿ ತೀಕ್ಷ್ಣ ವಾಸನೆ ಬಿಟ್ಟಾಗ ಒಳಗೆ ಪರಾಗ ತಿನ್ನುತ್ತಿದ್ದ ಥ್ರಿಪ್ಸ್ ಹುಳುಗಳು ತಡೆಯಲಾರದೆ ಮೈಯೆಲ್ಲ ಪರಾಗ ಮೆತ್ತಿಕೊಂಡು ಹೊರಗೆ ಓಡುತ್ತವೆ. ಸಂಜೆ ವಾಸನೆ ತೆಳುವಾದಾಗ ಅದೇ ವಾಸನೆ ಅವಕ್ಕೆ ಆಕರ್ಷಣೆ. ಆಗ ಅವು ಮತ್ತೆ ಕೋನ್ ಹುಡುಕಿ ಹೋಗುತ್ತವೆ, ಕೆಲವು ಹೆಣ್ಣು ಕೋನ್ ಹೊಕ್ಕುತ್ತವೆ. ಅಲ್ಲಿ ತಿನ್ನಲು ಏನೂ ಇಲ್ಲ, ಮೋಸ. ಆದರೆ ಪರಾಗ ತಲುಪಿತಲ್ಲ. 2007ರಲ್ಲಿ ಈ ಅಧ್ಯಯನ ಪ್ರಕಟವಾದಾಗ ಒಂದೇ ವಾಸನೆಯಿಂದ ತಳ್ಳುವುದು, ಸೆಳೆಯುವುದು ಎರಡೂ ಆಗುತ್ತದೆ ಅಂತ ಓದಿ ನಾನು ಸುಮ್ನೆ ಕೂತುಬಿಟ್ಟೆ. ವಾಸನೆಯ ಅನುಭವ ನನಗೂ ಇದೆ. ಒಮ್ಮೆ ಪ್ರಾಕ್ಟಿಕಲ್‌ಗೆ ಅಂತ ಮಾಗಿದ ಗಂಡು ಕೋನ್ ಕತ್ತರಿಸಿ ತಂದು ಕಾಲೇಜಿನ ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಶನಿವಾರ ಮನೆಗೆ ಹೋದೆ. ಸೋಮವಾರ ಬಂದರೆ ಹಣ್ಣು ಕೊಳೆತ ಹಾಗೂ ಟರ್ಪೆಂಟೈನ್ ಬೆರೆತ ಹಾಗೂ ಒಂದು ಘಾಟು, ಬೀರು ತುಂಬ ಹಳದಿ ಪುಡಿ, ಸಹೋದ್ಯೋಗಿಗಳ ಟಿಫಿನ್ ಕ್ಯಾರಿಯರ್ ಮೇಲೂ. ಮೂರು ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಪರಾಗ ಅಂಡಕಕ್ಕೆ ತಲುಪಿದ ಮೇಲಿನ ಕಥೆಯೇ ದೊಡ್ಡ ವ್ಯತ್ಯಾಸ. ಪೈನ್‌ನಲ್ಲಿ ಪರಾಗದಿಂದ ಒಂದು ನಳಿಕೆ ಹೊರಟು ನೇರ ಅಂಡಕದೊಳಗಿನ ಅಂಡಾಣುವಿನ ತನಕ ಹೋಗಿ ಒಳಗಿರುವುದನ್ನು ಅಲ್ಲೇ ಇಳಿಸುತ್ತದೆ. ಅವಸರ ಏನಿಲ್ಲ. ಪರಾಗ ಬಂದು ಕೂತು ಅಂಡಾಣು ಫಲಿತವಾಗುವ ಹೊತ್ತಿಗೆ ಸುಮಾರು ಒಂದು ವರ್ಷ, ಬೀಜ ಮಾಗುವ ಹೊತ್ತಿಗೆ ಎರಡನೇ ವರ್ಷ. ಹಾಗಾಗಿ ಒಂದೇ ಚೀರ್ ಮರದಲ್ಲಿ ಈ ವರ್ಷದ ಮೊಗ್ಗು, ಹೋದ ವರ್ಷದ ಹಸಿರು ಕಾಯಿ, ಅದರ ಹಿಂದಿನ ವರ್ಷದ ಒಣ ಕಾಯಿ ಮೂರನ್ನೂ ನೋಡಬಹುದು. ಸೈಕಸ್‌ನಲ್ಲೂ ನಳಿಕೆ ಬೆಳೆಯುತ್ತದೆ, ಆದರೆ ಅದು ವೀರ್ಯಾಣುವನ್ನು ಒಯ್ಯಲು ಅಲ್ಲ. ಬೇರಿನ ಹಾಗೆ ಅಂಡಕದ ಗೋಡೆಯೊಳಗೆ ಹೊಕ್ಕು ಆಹಾರ ಹೀರುತ್ತಾ ತಿಂಗಳುಗಟ್ಟಲೆ ಕೂರುತ್ತದೆ. ಕೊನೆಗೆ ಅದರ ಬುಡ ಉಬ್ಬಿ ಒಡೆಯುತ್ತದೆ. ಒಳಗಿಂದ ಎರಡು ವೀರ್ಯಾಣುಗಳು ಹೊರಬಂದು ಈಜುತ್ತವೆ. ನಿಜವಾಗಿಯೂ ಈಜುತ್ತವೆ, ಬುಗುರಿಯ ಆಕಾರ, ಬುಗುರಿಗೆ ಚಾಟಿ ಸುತ್ತಿದ ಹಾಗೆ ಕೂದಲಿನಂಥ ಸಾವಿರಾರು ಕಶಗಳ ಸುರುಳಿ. ಜೇಮಿಯಾ ಎಂಬ ಅಮೆರಿಕದ ಸೈಕಡ್‌ನಲ್ಲಿ ಇದು 0.4 ಮಿಲಿಮೀಟರ್ ತನಕ ಇರುತ್ತದೆ. ಸಸ್ಯಲೋಕದಲ್ಲಿ ಇದಕ್ಕಿಂತ ದೊಡ್ಡ ವೀರ್ಯಾಣು ಇಲ್ಲ, ಕಣ್ಣು ಚೆನ್ನಾಗಿದ್ದರೆ ಬರಿಗಣ್ಣಿಗೇ ಚುಕ್ಕಿಯಾಗಿ ಕಾಣುತ್ತದೆ.

ಬೀಜ ಬಿಡುವ ಸಸ್ಯದಲ್ಲಿ ಈಜುವ ವೀರ್ಯಾಣು ಇರಬಹುದು ಅಂತ 1896ರ ತನಕ ಯಾರೂ ಕಣ್ಣಾರೆ ಕಂಡಿರಲಿಲ್ಲ. ಆ ವರ್ಷ ಟೋಕಿಯೋದಲ್ಲಿ ಹಿರಾಸೆ ಎಂಬಾತ ಗಿಂಕ್ಗೋ ಮರದಲ್ಲಿ, ಅದೇ ವರ್ಷ ಇಕೆನೋ ಎಂಬ ವಿಜ್ಞಾನಿ ಸೈಕಸ್ ರೆವಲ್ಯೂಟಾದಲ್ಲಿ, ಅಂದರೆ ನಿಮ್ಮ ಗೇಟಿನ ಪಕ್ಕದ ಗಿಡದ ಜಾತಿಯಲ್ಲೇ, ಇದನ್ನು ಕಂಡರು. ಹಿರಾಸೆ ದೊಡ್ಡ ಪದವಿಯವರಲ್ಲ, ವಿಶ್ವವಿದ್ಯಾಲಯಕ್ಕೆ ಚಿತ್ರ ಬಿಡಿಸುವ ಕೆಲಸಕ್ಕೆ ಸೇರಿದ್ದವರು. 1912ರಲ್ಲಿ ಇಬ್ಬರಿಗೂ ಜಪಾನಿನ ಇಂಪೀರಿಯಲ್ ಪ್ರಶಸ್ತಿ ಬಂತು. ಹಿರಾಸೆಗೆ ಕೊಡದಿದ್ದರೆ ನನಗೂ ಬೇಡ ಅಂತ ಇಕೆನೋ ಪಟ್ಟು ಹಿಡಿದರು ಅಂತ ಹೇಳುತ್ತಾರೆ.

ಮಗಳ ನೋಟ್ಸ್‌ನ ಒಂದು ಸಾಲು ಇಲ್ಲಿ ತಿದ್ದಬೇಕಾಗಬಹುದು. 'ಸೈಕಸ್‌ಗೆ ಅಂಡಾಣು ಫಲಿತವಾಗಲು ನೀರು ಬೇಕು' ಅಂತ ಬರೆಸುತ್ತಾರೆ, ಮಕ್ಕಳು ಮಳೆ ನೀರು ಅಂದುಕೊಳ್ಳುತ್ತಾರೆ. ಪಾಚಿ, ಜರಿಗಿಡಕ್ಕೆ ಹೊರಗಿನ ನೀರೇ ಬೇಕು, ಹೌದು. ಸೈಕಸ್‌ನಲ್ಲಿ ವೀರ್ಯಾಣು ಈಜುವುದು ಅಂಡಕದ ಒಳಗೇ ಇರುವ, ಗಿಡವೇ ಒದಗಿಸಿದ ಒಂದಿಷ್ಟು ದ್ರವದಲ್ಲಿ. ಸಮುದ್ರ ಬಿಟ್ಟು ಬಂದವರು ಮನೆಯೊಳಗೆ ಒಂದು ಪುಟ್ಟ ತೊಟ್ಟಿ ಕಟ್ಟಿಸಿಕೊಂಡ ಹಾಗೆ.

ಬೀಜದಲ್ಲೂ ಅದೇ ಗುಣ ಕಾಣುತ್ತದೆ. ಪೈನ್ ಬೀಜ ಹಗುರ, ಹೆಚ್ಚಿನವಕ್ಕೆ ಕಾಗದದಂಥ ರೆಕ್ಕೆ, ಗಿರಗಿರ ತಿರುಗುತ್ತಾ ಹಾರುತ್ತದೆ. ಕಿನ್ನೌರ್ ಕಡೆಯ ಚಿಲ್ಗೋಜಾ ಮಾತ್ರ ಬೇರೆ, ಅದು ದಪ್ಪ ಬೀಜ, ಡ್ರೈಫ್ರೂಟ್ ಅಂಗಡಿಯಲ್ಲಿ ಅದರ ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತೆ. ಪೈನ್ ಕಾಯಿ ಮನೆಯಲ್ಲಿದ್ದರೆ ಬಕೆಟ್ ನೀರಿಗೆ ಹಾಕಿ ನೋಡಿ. ಸ್ವಲ್ಪ ಹೊತ್ತಿಗೆ ಸಿಪ್ಪೆಗಳೆಲ್ಲ ಮುಚ್ಚಿಕೊಳ್ಳುತ್ತವೆ, ಬಿಸಿಲಿಗಿಟ್ಟರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಸತ್ತು ಎಷ್ಟೋ ವರ್ಷವಾದ ಕಾಯಿ! ಸಿಪ್ಪೆಯ ಒಂದು ಪದರ ನೀರು ಕುಡಿದು ಜಾಸ್ತಿ ಉಬ್ಬುತ್ತದೆ, ಇನ್ನೊಂದು ಉಬ್ಬುವುದಿಲ್ಲ, ಅದಕ್ಕೆ ಬಾಗುತ್ತದೆ. ಒಣ ಹವೆಯಲ್ಲಿ ಮಾತ್ರ ಬೀಜ ಹಾರಲಿ ಅಂತ ಈ ಏರ್ಪಾಡು. ಸೈಕಸ್ ಬೀಜ ನೆಲ್ಲಿಕಾಯಿಗಿಂತ ದೊಡ್ಡದು, ಕಿತ್ತಳೆ ಬಣ್ಣದ ತಿರುಳಿನ ಹೊದಿಕೆ, ಒಳಗೆ ಗಟ್ಟಿ ಓಟೆ. ಪ್ರಾಣಿ ಪಕ್ಷಿ ಒಯ್ಯಬೇಕು, ಇಲ್ಲದಿದ್ದರೆ ತಾಯಿಯ ಬುಡದಲ್ಲೇ ಬೀಳುತ್ತದೆ. 1770ರಲ್ಲಿ ಆಸ್ಟ್ರೇಲಿಯಾದ ತೀರದಲ್ಲಿ ಕ್ಯಾಪ್ಟನ್ ಕುಕ್‌ನ ನಾವಿಕರು ಇಂಥ ಬೀಜ ತಿಂದು ಕಾಯಿಲೆ ಬಿದ್ದಿದ್ದರು. ಮಲಬಾರಿನ ಕಡೆ ಇದೇ ಬೀಜ ಒಣಗಿಸಿ, ನೆನೆಸಿ, ನೀರು ಮತ್ತೆ ಮತ್ತೆ ಬದಲಿಸಿ ವಿಷ ಬಿಡಿಸಿ ಹಿಟ್ಟು ಮಾಡುತ್ತಾರೆ. ತಲೆಮಾರುಗಳ ಕೈ ಪಳಗಿದ ಕೆಲಸ ಅದು, ನೀವು ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬೇಡಿ.

ಬೆಂಕಿಯನ್ನು ಎರಡೂ ಬಲ್ಲವು. ಚೀರ್‌ಗೆ ದಪ್ಪ ತೊಗಟೆ ಇದೆ, ಉದುರಿದ ಸೂಜಿಗಳೇ ಬೆಂಕಿಗೆ ಸೌದೆ, ಅದರಿಂದ ಉತ್ತರಾಖಂಡದವರಿಗೆ ಪ್ರತಿ ಬೇಸಿಗೆಯೂ ತಲೆನೋವು. ಅಮೆರಿಕದ ಲಾಡ್ಜ್‌ಪೋಲ್ ಪೈನ್‌ನ ಎಷ್ಟೋ ಕಾಯಿಗಳು ರಾಳದಿಂದ ಬಾಯಿ ಮುಚ್ಚಿಕೊಂಡು ವರ್ಷಗಟ್ಟಲೆ ಕಾಯುತ್ತವೆ, ಬೆಂಕಿಯ ಕಾವಿಗೆ ರಾಳ ಕರಗಿದಾಗಲೇ ಬೀಜ ಉದುರುವುದು. 1988ರ ಯೆಲ್ಲೋಸ್ಟೋನ್ ಬೆಂಕಿಯ ನಂತರ ಕಾಡು ಮತ್ತೆ ಎದ್ದದ್ದು ಹಾಗೆ. ಸೈಕಡ್‌ಗಳ ಗರಿ ಸುಟ್ಟುಹೋದರೂ ಕವಚದೊಳಗಿನ ಕುಡಿ ಉಳಿಯುತ್ತದೆ, ಬಚ್ಚಿಟ್ಟ ಪಿಷ್ಟ ಇದೆಯಲ್ಲ, ವಾರಗಳಲ್ಲಿ ಹೊಸ ಸುತ್ತು ಗರಿ.

ಹಿಂದುಳಿದದ್ದು, ಮುಂದುವರಿದದ್ದು ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಈಜುವ ವೀರ್ಯಾಣು, ಎಲೆಯಂಥ ಹೆಣ್ಣು ಅಂಗ, ಇವು ಹಳೆಯ ಗುಣಗಳು, ಸರಿ. ಆದರೆ ಅದೇ ಗಿಡ ಕೀಟಗಳನ್ನು ಕೆಲಸಕ್ಕೆ ಇಟ್ಟುಕೊಂಡಿದೆ, ಬೇರಿನಲ್ಲಿ ಗೊಬ್ಬರದ ಕಾರ್ಖಾನೆ ನಡೆಸುತ್ತಿದೆ, ಪೈನ್‌ಗೆ ಇವೆರಡೂ ಇಲ್ಲ. ಇನ್ನೊಂದು ವಿಷಯ: ಡೈನೋಸಾರ್ ಕಾಲದ ಗಿಡ ಅಂತ ಎಲ್ಲರೂ ಹೇಳುತ್ತಾರೆ, ವಂಶ ಹಳೆಯದು ನಿಜ, ಆದರೆ ಇಂದು ಬದುಕಿರುವ ಸುಮಾರು 370 ಸೈಕಡ್ ಪ್ರಭೇದಗಳಲ್ಲಿ ಹೆಚ್ಚಿನವು ಕಳೆದ ಒಂದು ಕೋಟಿ ಚಿಲ್ಲರೆ ವರ್ಷದಲ್ಲಿ ಕವಲೊಡೆದವು ಅಂತ 2011ರಲ್ಲಿ ಡಿಎನ್ಎ ಲೆಕ್ಕ ತೋರಿಸಿತು. ಹಳೇ ಮನೆತನದ ಹೊಸ ಮಕ್ಕಳು. ಪೈನ್ ಪ್ರಭೇದಗಳು 115ರ ಆಸುಪಾಸು, ಅವು ಉತ್ತರ ಗೋಳಾರ್ಧವನ್ನೇ ಆಳುತ್ತಿವೆ. ಸೈಕಡ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಳಿವಿನ ಅಂಚಿನಲ್ಲಿವೆ. ಅದಕ್ಕೆ ಕಾರಣ ಹಿಂದುಳಿದಿರುವುದಲ್ಲ, ನಾವು. ನಮ್ಮ ಘಟ್ಟದ ಸೈಕಸ್‌ನ ಗರಿಗಳನ್ನು ಮದುವೆ ಮಂಟಪ, ಬೊಕೆ ಅಂತ ಕಡಿಯುತ್ತೇವೆ, ಗಂಡು ಕೋನನ್ನು ಔಷಧಿಗೆ ಕೀಳುತ್ತೇವೆ. ನಿಧಾನಕ್ಕೆ ಬೆಳೆಯುವ, ಗಂಡು ಹೆಣ್ಣು ಬೇರೆ ಬೇರೆ ಇರುವ ಗಿಡಕ್ಕೆ ಇದು ಎಷ್ಟು ದುಬಾರಿ ಅಂದರೆ, ದಕ್ಷಿಣ ಆಫ್ರಿಕಾದ ಎನ್ಸೆಫಲಾರ್ಟಸ್ ವುಡಿಯೈ ಎಂಬ ಸೈಕಡ್ ನೋಡಿ. 1895ರಲ್ಲಿ ಒಂದೇ ಒಂದು ಗಿಡ ಸಿಕ್ಕಿತು, ಗಂಡು. ಹೆಣ್ಣು ಇವತ್ತಿನ ತನಕ ಸಿಕ್ಕಿಲ್ಲ. ಜಗತ್ತಿನ ತೋಟಗಳಲ್ಲಿ ಇರುವುದೆಲ್ಲ ಅದೇ ಗಿಡದ ಮರಿಗಳು, ಎಲ್ಲವೂ ಗಂಡೇ.

ನಿಮ್ಮ ಗಂಡಿಗೆ ಅಷ್ಟು ಕಷ್ಟ ಇಲ್ಲ. ನಿಮ್ಮ ಬಡಾವಣೆಯಲ್ಲೇ ಯಾರ ಮನೆಯಲ್ಲಾದರೂ ಎಲೆಕೋಸಿನಂಥ ಕಂದು ಗಡ್ಡೆ ಬಿಟ್ಟ ಸೈಕಸ್ ಇರಬಹುದು, ಸುತ್ತಾಡುವಾಗ ನೋಡಿ. ಸಿಕ್ಕರೆ, ನಿಮ್ಮ ಕೋನ್‌ನ ಸಿಪ್ಪೆಗಳು ಬಿಡಿಸಿಕೊಂಡು ಹಳದಿ ಪುಡಿ ಉದುರಲು ಶುರುವಾದಾಗ ಅದನ್ನು ಪೇಪರ್ ಮೇಲೆ ಕೊಡವಿಕೊಳ್ಳಿ, ಹೆಣ್ಣು ಗಿಡದ ಎಲೆಗಳು ಸ್ವಲ್ಪ ಸಡಿಲವಾಗಿರುವಾಗ ಒಳಗೆ ಒಣ ಬ್ರಷ್‌ನಿಂದ ಉದುರಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಗ್ಲೌಸ್ ಹಾಕಿಕೊಳ್ಳಿ. ಹೆಣ್ಣು ಸಿಗದಿದ್ದರೆ ಬುಡದಲ್ಲಿ ಬಾಳೆ ಕಂದಿನ ಹಾಗೆ ಮರಿಗಳು ಬರುತ್ತವೆ, ಅವನ್ನೇ ಬಿಡಿಸಿ ನೆಡಬಹುದು, ಅವೂ ಗಂಡೇ ಆಗುತ್ತವೆ ಅಷ್ಟೇ. ಪುಡಿ ಉದುರಿ ಮುಗಿದ ಕೋನನ್ನು ಬುಡಕ್ಕೆ ಕತ್ತರಿಸಿ ತೆಗೆಯಿರಿ. ತೆಗೆದದ್ದನ್ನು ಮನೆಯೊಳಗಿನ ಬೀರುವಿನಲ್ಲಿ ಮಾತ್ರ ಇಡಬೇಡಿ.